ಲೆಸ್ ಪೆನ್‌ಬರ್ತಿ ಮತ್ತು ಬಿಲ್ಲರಿನ್ ಉಪ್ಪು

ಬಿಲ್ಲರಿನ್ ಶಾಲೆಗೆ ಟೀಚರಾಗಿ ನಾನು ರೈಲಿನಿಂದ ಇಳಿದದ್ದು 1953ರ ಫೆಬ್ರವರಿಯಲ್ಲಿ. ಪ್ಲಾಟ್‌ಫಾರ್ಮ್ ಅನ್ನುವುದೇ ಇರಲಿಲ್ಲ. ಗಾರ್ಡ್ ನನ್ನ ಪೆಟ್ಟಿಗೆಯನ್ನು ಜಲ್ಲಿಕಲ್ಲಿನ ಮೇಲಿಟ್ಟು, ಕೈಹಿಡಿದು ನನ್ನನ್ನು ಇಳಿಸಿ, ಹಸಿರು ಬಾವುಟ ಬೀಸಿಬಿಟ್ಟ. ರೈಲು ಹೋದ ಮೇಲೆ ನೊಣಗಳ ಸದ್ದು ಬಿಟ್ಟರೆ ಏನೂ ಇಲ್ಲ. ಗೋಧಿ ಚೀಲ ಪೇರಿಸುವ ಶೆಡ್ಡಿನ ನೆರಳಿನಿಂದ ಒಬ್ಬ ಉದ್ದನೆಯ ಮನುಷ್ಯ ಎದ್ದು ಬಂದ. ಮೊಣಕೈಯವರೆಗೆ ಗ್ರೀಸು.

"ನೀವು ಹೊಸ ಟೀಚರಮ್ಮ ಅಲ್ವಾ?" ಅಂದ. "ಹೋದ ವರ್ಷ ಬಂದೋರು ಮೂರೇ ತಿಂಗಳಿಗೆ ಓಡಿಹೋದ್ರು. ನೀವು ಎಷ್ಟು ದಿನ ನಿಲ್ತೀರಿ ಅಂತ ಹೋಟ್ಲಲ್ಲಿ ಪಂದ್ಯ ಕಟ್ಟಿದಾರೆ. ನಾನು ಕ್ರಿಸ್‌ಮಸ್‌ವರೆಗೂ ಇರ್ತಾರೆ ಅಂದಿದೀನಿ. ನನ್ನ ಮಾನ ಉಳಿಸಿ."

ಅವನೇ ಲೆಸ್ ಪೆನ್‌ಬರ್ತಿ. ಅವನ ಮಾನ ಉಳಿಯಿತು. ನಾನು ಇಲ್ಲಿನ ಅಂಗಡಿಯವನನ್ನೇ ಮದುವೆಯಾಗಿ ಇಲ್ಲೇ ಮುದುಕಿಯಾದೆ. ಮೊದಲ ಎರಡು ವರ್ಷ ಮಾತ್ರ ಪೆನ್‌ಬರ್ತಿಯವರ ಮನೆಯ ಹಿಂದೆ ಜಾಲರಿ ಕಟ್ಟಿದ್ದ ವರಾಂಡದಲ್ಲಿ ನನ್ನ ವಾಸ. ಲೆಸ್‌ನ ಹೆಂಡತಿ ಐವಿ ಗಿಡ್ಡ ಹೆಂಗಸು. ಮಾತು ಕಡಿಮೆ, ಆಡಿದರೆ ಮಾತ್ರ ನೇರ ಎದೆಗೆ ನಾಟುತ್ತಿತ್ತು. ಮೂರು ವರ್ಷದ ಮಗಳು ಗ್ಲೆನಿಸ್ ಬೆಳಗಾದರೆ ನನ್ನ ಹಾಸಿಗೆಯ ಕಾಲಬುಡದಲ್ಲಿ ಕೂತು, ನಾನು ಕಣ್ಣು ಬಿಡುವುದನ್ನೇ ಕಾಯುತ್ತಿದ್ದಳು.

ಲೆಸ್‌ನ ಅಪ್ಪ ಕಡಲಾಚೆಯ ಕಾರ್ನ್‌ವಾಲ್‌ನಿಂದ ಬಂದು ಚಿನ್ನದ ಗಣಿಯಲ್ಲಿ ಕೆಲಸ ಮಾಡಿ, ಕಲ್ಲಿನ ಧೂಳು ಕುಡಿದು, ನಲವತ್ತಕ್ಕೇ ಕೆಮ್ಮಿ ಕೆಮ್ಮಿ ಸತ್ತವನು. ಅದಕ್ಕೇ ಲೆಸ್‌ಗೆ ನೆಲದಡಿಯ ಕೆಲಸವೆಂದರೆ ಆಗದು. ಯುದ್ಧ ಮುಗಿಸಿ ಬಂದ ಸಿಪಾಯಿಗಳಿಗೆ ಸರ್ಕಾರ ಜಮೀನು ಹಂಚಿದಾಗ ಅವನಿಗೆ ಬಿಲ್ಲರಿನ್ ಕಣಿವೆಯಲ್ಲಿ ಸಾವಿರದಿನ್ನೂರು ಎಕರೆ ಸಿಕ್ಕಿತು. ಸಿಕ್ಕಿತು ಅಂದರೆ, ಕಾಡು ಸಿಕ್ಕಿತು. ಇಷ್ಟು ವರ್ಷದಲ್ಲಿ ಇಷ್ಟು ಎಕರೆ ಕಡಿದು ಬಯಲು ಮಾಡಬೇಕು, ಮಾಡದಿದ್ದರೆ ಜಮೀನು ವಾಪಸ್ಸು ಎಂಬ ಕರಾರಿತ್ತು. ವರ್ಷಕ್ಕೊಮ್ಮೆ ಸರ್ಕಾರದ ಕಡೆಯವನೊಬ್ಬ ಬಂದು ಅಳೆದು ನೋಡಿಕೊಂಡು ಹೋಗುತ್ತಿದ್ದ.

ನಮ್ಮ ಕಣಿವೆ ಹೇಗಿತ್ತು ಅಂತ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಎರಡೂ ಕಡೆ ಬೋಳು ಬಂಡೆಯ ದಿಬ್ಬ. ನಡುವೆ ಹತ್ತು ಮೈಲಿ ಉದ್ದಕ್ಕೂ ನೀಲಗಿರಿ ಜಾತಿಯ ಎತ್ತರದ ಮರಗಳು, ಹಸಿಮಾಂಸದ ಬಣ್ಣದ ನುಣುಪಾದ ಕಾಂಡ, ಮಳೆ ಬಿದ್ದಾಗ ಆ ಕಾಂಡಗಳು ಮೆರುಗು ಹಾಕಿದ ಹಾಗೆ ಹೊಳೆಯುತ್ತಿದ್ದವು. ಕಣಿವೆ ಅಗಲವಾಗುವ ಕಡೆ ಒಂದು ಒರತೆ. ಊರು ಅಲ್ಲಿ ಹುಟ್ಟಿದ್ದೇ ಆ ಒರತೆಯಿಂದ. ಈ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನ ಎಷ್ಟು ಸಾವಿರ ವರ್ಷದಿಂದ ಅದರ ನೀರು ಕುಡಿದಿದ್ದರೋ. ಆಮೇಲೆ ಶ್ರೀಗಂಧ ಕಡಿಯುವವರು ಬಂದರು, ಆಮೇಲೆ ರೈಲಿನವರು ಸುತ್ತ ಕಲ್ಲು ಕಟ್ಟಿ ಎಂಜಿನ್ನಿಗೆ ನೀರು ತುಂಬಿಸಿದರು, ಆಮೇಲೆ ಶಾಲೆ, ಅಂಗಡಿ, ಹೋಟೆಲು, ಸಭಾಭವನ, ಮೆಥಡಿಸ್ಟರ ಪುಟ್ಟ ಚರ್ಚು. ಕೊಡದಲ್ಲಿ ತುಂಬಿಟ್ಟರೆ ಮೂರು ದಿನವಾದರೂ ರುಚಿ ಕೆಡದ ನೀರು.

ಲೆಸ್‌ಗೆ ಯಂತ್ರದ ಕೆಲಸ ಚೆನ್ನಾಗಿ ಕೈಹತ್ತಿತು. ತನ್ನ ಜಮೀನಿನದಷ್ಟೇ ಅಲ್ಲದೆ ಊರಿನವರೆಲ್ಲರ ಜಮೀನಿನ ಕಾಡನ್ನೂ ಗುತ್ತಿಗೆ ಹಿಡಿದು ಕಡಿದುಕೊಟ್ಟವನು ಅವನೇ. ಹಡಗಿನ ಲಂಗರಿಗೆ ಹಾಕುವ ದಪ್ಪ ಸರಪಳಿಯೊಂದನ್ನು ತರಿಸಿದ್ದ. ಅದರ ಎರಡು ತುದಿಯನ್ನು ಎರಡು ಟ್ರ್ಯಾಕ್ಟರಿಗೆ ಕಟ್ಟಿ, ಇನ್ನೂರು ಗಜ ದೂರದಲ್ಲಿ ಜೊತೆಜೊತೆಗೆ ಓಡಿಸಿದರೆ ನಡುವೆ ಇದ್ದ ಮರವೆಲ್ಲ ಬೇರುಸಹಿತ ಮಲಗುತ್ತಿತ್ತು. ಒಂದು ಟ್ರ್ಯಾಕ್ಟರಿನಲ್ಲಿ ಲೆಸ್, ಇನ್ನೊಂದರಲ್ಲಿ ಆಲ್ಬಿ ಡಾಸನ್.

ಆಲ್ಬಿ ನೂಂಗಾರ್ ಮನುಷ್ಯ. ಅವನ ತಾಯಿ ಹುಟ್ಟಿದ್ದು ಆ ಒರತೆಯ ದಡದಲ್ಲೇ. ಆದರೆ ಆ ಕಾಲದಲ್ಲಿ ಅವನಿಗೆ ಜಮೀನಿನ ಅರ್ಜಿ ಹಾಕುವ ಹಾಗಿರಲಿಲ್ಲ, ಹೋಟೆಲಿನೊಳಗೆ ಕೂತು ಒಂದು ಗ್ಲಾಸ್ ಬಿಯರ್ ಕುಡಿಯುವ ಹಾಗಿರಲಿಲ್ಲ. ಸಂಜೆ ಲೆಸ್ ಹಿಂಬಾಗಿಲಿನಿಂದ ಎರಡು ಬಾಟಲಿ ತರುತ್ತಿದ್ದ, ಇಬ್ಬರೂ ಸರಪಳಿಯ ಮೇಲೆ ಕೂತು ಕುಡಿಯುತ್ತಿದ್ದರು.

"ಬಾಸ್, ಇವತ್ತು ನಿನ್ನ ಕಡೆ ಮರ ಕಮ್ಮಿ ಬಿದ್ವು," ಎಂದು ಆಲ್ಬಿ ಕೆಣಕುತ್ತಿದ್ದ. "ವಯಸ್ಸಾಯ್ತು ನಿಂಗೆ. ಐವಿಯಮ್ಮನ್ನ ಕೂರಿಸು ಟ್ರ್ಯಾಕ್ಟರ್ ಮೇಲೆ."

"ಅವಳು ಕೂತ್ರೆ ಸರಪಳೀನೇ ಬೇಡ್ವೋ," ಅನ್ನುತ್ತಿದ್ದ ಲೆಸ್. "ಒಂದು ಸಲ ದುರುಗುಟ್ಟಿ ನೋಡಿದ್ರೆ ಸಾಕು, ಮರ ತಾವೇ ಮಲಕ್ಕೊಂತಾವೆ."

ಒಂದು ದಿನ ಆಲ್ಬಿ, ಒರತೆಯ ಸುತ್ತಲಿನ ಮರ ಬಿಟ್ಟುಬಿಡೋಣ ಅಂದನಂತೆ. ಯಾಕೆ ಅಂತ ಲೆಸ್ ಕೇಳಲಿಲ್ಲ. ಬಿಟ್ಟ. ಹತ್ತೋ ಹನ್ನೊಂದೋ ಮರ. ಉಳಿದದ್ದೆಲ್ಲ ಏಳೆಂಟು ವರ್ಷದಲ್ಲಿ ಮಲಗಿತು. ಬೇಸಿಗೆಯ ಕೊನೆಗೆ ಒಣಗಿದ ಮರಕ್ಕೆ ಬೆಂಕಿ ಕೊಡುವ ದಿನ ನನ್ನ ಶಾಲೆಯ ಮಕ್ಕಳಿಗೆ ರಜೆ. ಎಲ್ಲರೂ ದಿಬ್ಬದ ಮೇಲೆ ನಿಂತು ನೋಡುತ್ತಿದ್ದೆವು, ಚಪ್ಪಾಳೆ ತಟ್ಟುತ್ತಿದ್ದೆವು. ನಾನೂ ತಟ್ಟಿದ್ದೇನೆ. ಮೊದಲ ಸಲ ಗೋಧಿ ಕಣಿವೆಯ ತುಂಬ ಹಳದಿಯಾಗಿ ನಿಂತಾಗ ಐವಿ ಬಾಗಿಲಿಗೆ ಬಂದು ಬಹಳ ಹೊತ್ತು ನೋಡಿದಳು. "ಆಕಾಶ ಇಷ್ಟು ದೊಡ್ಡದಿದೆ ಅಂತ ಗೊತ್ತೇ ಇರ್ಲಿಲ್ಲ," ಅಂದಳು.

1957ರ ಜುಲೈನಲ್ಲಿ ಗ್ಲೆನಿಸ್‌ಗೆ ಜ್ವರ ಬಂತು. ಆಗವಳು ನನ್ನ ಎರಡನೇ ತರಗತಿಯಲ್ಲಿದ್ದಳು. ಬುಧವಾರ ತಲೆನೋವು ಅಂತ ಬೇಗ ಮನೆಗೆ ಹೋದಳು, ಗುರುವಾರ ಕುತ್ತಿಗೆ ತಿರುಗಿಸಲಾಗಲಿಲ್ಲ, ಶುಕ್ರವಾರ ಮಧ್ಯಾಹ್ನ ಹೋಗಿಬಿಟ್ಟಳು. ಮಿದುಳು ಜ್ವರ ಅಂದರು ಡಾಕ್ಟರು. ಅವರು ಬರುವಷ್ಟರಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ.

ಊರಿನ ಸ್ಮಶಾನ ಕಣಿವೆಯ ತಗ್ಗಿನಲ್ಲಿತ್ತು. ಮೇಲೆಲ್ಲ ಬಂಡೆ, ಅಗೆಯಲು ಬರುವುದು ತಗ್ಗಿನ ಮೆತ್ತನೆಯ ಮಣ್ಣೇ. ಗ್ಲೆನಿಸ್‌ಳ ಗುಂಡಿಯನ್ನು ಲೆಸ್ ತಾನೇ ಅಗೆದ. ಯಾರಿಗೂ ಸಲಿಕೆ ಕೊಡಲಿಲ್ಲ. ಆರಡಿ ಆಳದವರೆಗೂ ಒಣಗಿದ ಕೆಂಪು ಮಣ್ಣು, ಕೈಯಲ್ಲಿ ಹಿಡಿದರೆ ಬೂದಿಯಂತೆ ಉದುರುತ್ತಿತ್ತು. ಪಕ್ಕದ ಜಾಗವನ್ನು ತಮಗಿಬ್ಬರಿಗೂ ಅಂತ ಐವಿ ಅಂದೇ ಕೇಳಿ ಇರಿಸಿಕೊಂಡಳು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

ಆಮೇಲಿನ ಹತ್ತು ವರ್ಷ ಊರಿಗೆ ಒಳ್ಳೆಯ ಕಾಲ. ಮಳೆಯೂ ಬಂತು, ಬೆಳೆಯೂ ಬಂತು. ನನ್ನ ಶಾಲೆಯಲ್ಲಿ ಮೂವತ್ತನಾಲ್ಕು ಮಕ್ಕಳು. ಆಲ್ಬಿಗೂ ಹೋಟೆಲಿನ ಮುಂಬಾಗಿಲಿನಿಂದ ಹೋಗುವ ಕಾಲ ಬಂತು. ಮೊದಲ ದಿನ ಒಳಗೆ ಹೋಗಿ ಕೂತು ಎದ್ದುಬಂದು, "ಬಾಸ್, ಸರಪಳಿ ಮೇಲೆ ಕೂತ್ಕೊಂಡು ಕುಡಿಯೋದೇ ವಾಸಿ ಕಣೋ, ಒಳಗೆ ಎಲ್ರೂ ಕುರಿ ರೇಟೇ ಮಾತಾಡ್ತಾರೆ," ಅಂದನಂತೆ.

1968ರ ಚಳಿಗಾಲದಲ್ಲಿ ಒಂದು ದಿನ ನಾನು ಐವಿಯ ಅಡುಗೆಮನೆಯಲ್ಲಿ ಕೂತಿದ್ದೆ. ಅವಳು ಚಹಾ ಸುರಿದುಕೊಟ್ಟು, ತಾನೊಂದು ಗುಟುಕು ಕುಡಿದು, ಲೋಟ ಕೆಳಗಿಟ್ಟಳು.

"ನೋರಾ, ಚಹಾ ಹೇಗಿದೆ?"

"ಚೆನ್ನಾಗಿದೆಯಲ್ಲ."

"ಸರಿಯಾಗಿ ಕುಡಿದು ಹೇಳು. ನಾಲಿಗೆ ಹಿಂದೆ ಏನಾದ್ರೂ ಹತ್ತತ್ತಾ?"

ನಿಜ ಹೇಳಬೇಕೆಂದರೆ ನನಗೆ ಏನೂ ಹತ್ತಲಿಲ್ಲ. ಅಷ್ಟರಲ್ಲಿ ಲೆಸ್ ಒಳಗೆ ಬಂದ. ಐವಿ ಅವನ ಕೈಗೂ ಲೋಟ ಕೊಟ್ಟಳು.

"ನೀರು ಉಪ್ಪಾಗ್ತಿದೆ," ಅಂದಳು.

"ನಿನ್ನ ಕೈ ಉಪ್ಪಾಗಿರತ್ತೆ. ಹಂದಿ ಮಾಂಸ ಉಪ್ಪಿಗೆ ಹಾಕ್ದೆ ಅಲ್ವಾ ಬೆಳಗ್ಗೆ?"

"ಮೂರು ವಾರದಿಂದ ಹಂದಿ ಮಾಂಸ ಹಾಕ್ತಾ ಇದೀನಾ?"

ಲೆಸ್ ನಕ್ಕು ಹೊರಗೆ ಹೋದ. ಆದರೆ ಕಿಟಕಿಯಿಂದ ನೋಡಿದೆ, ಒರತೆಯ ಕಡೆ ನಡೆದುಹೋಗಿ, ಬಗ್ಗಿ, ಬೊಗಸೆಯಲ್ಲಿ ತೆಗೆದು ಕುಡಿದ. ಬಹಳ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

ಮುಂದಿನ ವರ್ಷ ನನಗೂ ಗೊತ್ತಾಯಿತು. ಅದರ ಮುಂದಿನ ವರ್ಷ ಕುರಿಗಳಿಗೂ. ಆಲ್ಬಿ ಬಿಡಿಸಿಕೊಂಡಿದ್ದ ಆ ಹತ್ತು ಮರಗಳ ತುದಿ ಒಣಗತೊಡಗಿತು. ತಗ್ಗಿನ ಹೊಲದಲ್ಲಿ ಒಂದು ಕಡೆ ಗೋಧಿ ಮೊಳೆಯಲಿಲ್ಲ. ನಾಲ್ಕು ಹೆಜ್ಜೆ ಅಗಲ ಇದ್ದೀತು, ಬೆಳಗಿನ ಹೊತ್ತು ಬೆಳ್ಳಗೆ ಹೊಳೆಯುತ್ತಿತ್ತು. ಮರುವರ್ಷ ಅದು ಸಭಾಭವನದಷ್ಟಾಯಿತು.

ಕೃಷಿ ಇಲಾಖೆಯಿಂದ ಒಬ್ಬ ತರುಣ ಬಂದ. ಒಳ್ಳೆಯ ಹುಡುಗ, ಮಾತಿನಲ್ಲಿ ಮರ್ಯಾದೆ. ಹೊಲದಲ್ಲಿ ಆರು ಕಡೆ ಕೊಳವೆ ಇಳಿಸಿ, ದಾರಕ್ಕೆ ಕಟ್ಟಿದ ಬಟ್ಟಲು ಬಿಟ್ಟು ನೀರಿನ ಮಟ್ಟ ನೋಡಿದ. ಆಮೇಲೆ ಪೆನ್‌ಬರ್ತಿಯವರ ಮೆಟ್ಟಿಲ ಮೇಲೆ ಕೂತು ವಿವರಿಸಿದ. ನಾನೂ ಇದ್ದೆ, ಆಲ್ಬಿ ಬೇಲಿಗೆ ಒರಗಿ ನಿಂತಿದ್ದ.

"ನೋಡಿ ಮಿಸ್ಟರ್ ಪೆನ್‌ಬರ್ತಿ, ಸಮುದ್ರದ ಕಡೆಯಿಂದ ಬರೋ ಮಳೇಲಿ ಒಂದು ಚಿಟಿಕೆ ಉಪ್ಪಿರತ್ತೆ. ಎಷ್ಟೋ ಸಾವಿರ ವರ್ಷದಿಂದ ಆ ಉಪ್ಪೆಲ್ಲ ಇಳಿದು ನೆಲದಡಿ ಕೂತಿದೆ. ಮರಗಳಿದ್ದಾಗ ಮಳೆ ನೀರನ್ನೆಲ್ಲ ಅವೇ ಕುಡೀತಿದ್ವು, ಕೆಳಗೆ ಇಳಿಯೋಕೆ ಬಿಡ್ತಿರಲಿಲ್ಲ. ಗೋಧಿ ಎಷ್ಟು ಕುಡಿಯತ್ತೆ ಹೇಳಿ? ಮಿಕ್ಕಿದ್ದು ಕೆಳಗಿಳೀತು. ಅಲ್ಲಿ ನೀರು ತುಂಬ್ತಾ ತುಂಬ್ತಾ ಉಪ್ಪನ್ನೂ ಎತ್ಕೊಂಡು ಮೇಲೆ ಬರ್ತಿದೆ."

"ಅಂದ್ರೆ ಮರ ಕಡಿದಿದ್ದಕ್ಕೆ," ಅಂದ ಲೆಸ್.

"ಹೌದು. ಆದ್ರೆ ಇದು ನಿಮ್ಮೊಬ್ಬರದೇ ತಪ್ಪು ಅಂತಲ್ಲ. ಎಲ್ಲಾ ಕಡೆ ಎಲ್ರೂ ಕಡಿದಿದಾರೆ."

"ಎಲ್ಲಾ ಕಡೆ ವಿಷ್ಯ ನಂಗೊತ್ತಿಲ್ಲಪ್ಪ. ಈ ಕಣಿವೇಲಿ ಎಲ್ರದ್ದೂ ಕಡಿದೋನು ನಾನೊಬ್ನೇ."

"ನಾನೂ ಇದ್ದೆ," ಅಂದ ಬೇಲಿಯ ಹತ್ತಿರದಿಂದ ಆಲ್ಬಿ. "ಲೆಕ್ಕದಿಂದ ನನ್ನ ಬಿಡಬೇಡ."

ಲೆಸ್ ಅತ್ತ ನೋಡಲಿಲ್ಲ. "ಕಡೀದಿದ್ರೆ ಜಮೀನು ಕಿತ್ಕೊಂತೀವಿ ಅಂದಿದ್ರಲ್ಲ ನಿಮ್ಮೋರು," ಅಂದ. ಸಿಟ್ಟಿನ ಧ್ವನಿಯಲ್ಲ, ಏನೋ ಜ್ಞಾಪಿಸಿಕೊಳ್ಳುವವನ ಹಾಗೆ.

ಹುಡುಗನ ಮುಖ ಕೆಂಪಾಯಿತು. "ಆಗ ನಾನು ಹುಟ್ಟೂ ಇರಲಿಲ್ಲ, ಸರ್."

"ನಿನ್ನ ಬೈತಿಲ್ಲ ಕಣಪ್ಪ. ಈಗ ಏನು ಮಾಡೋದು ಹೇಳು."

"ಮರ ನೆಡಬಹುದು. ಕಾಲುವೆ ತೋಡಬಹುದು. ಆದ್ರೆ..." ಅವನು ತನ್ನ ಪುಸ್ತಕ ಮುಚ್ಚಿದ. "ಇನ್ನೂ ಮೂವತ್ತು ನಲವತ್ತು ವರ್ಷ ನೀರು ಏರ್ತಾನೇ ಇರತ್ತೆ. ನಾವೇನೇ ಮಾಡಿದ್ರೂ."

ಲೆಸ್ ಎರಡನ್ನೂ ಮಾಡಿದ. ಆಗವನಿಗೆ ಐವತ್ತಾರು. ಮರ ಉರುಳಿಸಿದ ಅದೇ ಟ್ರ್ಯಾಕ್ಟರಿನಲ್ಲಿ ಕಣಿವೆಯುದ್ದಕ್ಕೂ ಕಾಲುವೆ ತೋಡಿದ. ಕಾಲುವೆಯಲ್ಲಿ ನೀರು ಹರಿಯುವ ಬದಲು ನಿಂತುಬಿಟ್ಟಿತು. ನೆಲ ಅಷ್ಟು ಸಮತಟ್ಟು. ನಿಂತ ನೀರು ಬದಿಯನ್ನು ತಿಂದು ಕೆಡವಿತು. ಸಸಿ ನೆಟ್ಟ. ಮೊದಲ ವರ್ಷ ನಾಲ್ಕು ನೂರು, ಎರಡನೇ ವರ್ಷ ಒಂಬೈನೂರು. ಐವಿ ಹಳೆಯ ಹಾಲಿನ ಡಬ್ಬಗಳಲ್ಲಿ ಬೀಜ ಮೊಳೆಸಿ ಕೊಡುತ್ತಿದ್ದಳು. ನನ್ನ ಶಾಲೆಯ ಮಕ್ಕಳು ಶನಿವಾರ ಬಂದು ಗುಂಡಿ ತೋಡುತ್ತಿದ್ದರು. ಸಸಿಗಳು ಮಂಡಿಯೆತ್ತರ ಬೆಳೆದವು. ಒಂದು ಬೇಸಿಗೆ ಎಲೆಯಂಚು ಕಂದು ಬಣ್ಣಕ್ಕೆ ತಿರುಗಿತು. ಕಿತ್ತು ನೋಡಿದರೆ ಬೇರು ಒಂದಡಿ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿತ್ತು.

"ಟೀಚರಮ್ಮ, ನೋಡಿ ಇಲ್ಲಿ," ಅಂತ ಲೆಸ್ ಒಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. "ಕೆಳಗಿಳಿದು ನೋಡಿ, ಬೇಡಪ್ಪ ಅಂತ ವಾಪಸ್ ಹೊರಟಿದೆ. ಸಸಿಗೆ ಇರೋ ಬುದ್ಧಿ ನಂಗಿರ್ಲಿಲ್ಲ."

ಅಷ್ಟು ಹೊತ್ತಿಗೆ ನನ್ನ ಶಾಲೆಯ ಇಟ್ಟಿಗೆಗಳೂ ಬುಡದಿಂದ ಪುಡಿಯಾಗುತ್ತಿದ್ದವು. ಬೆಳಿಗ್ಗೆ ಬಂದು ಗೋಡೆಯ ಬುಡ ಗುಡಿಸಿದರೆ ಮೊರದ ತುಂಬ ಕೆಂಪು ಪುಡಿ. ಕುಡಿಯುವ ನೀರನ್ನು ದೂರದಿಂದ ಕೊಳವೆಯಲ್ಲಿ ತಂದರು. ಒರತೆಯನ್ನು ಯಾರೂ ತಿರುಗಿ ನೋಡಲಿಲ್ಲ. ನಾಲ್ಕು ಕುಟುಂಬ ಮಾರಿ ಹೊರಟುಹೋದವು. ಹೋಗುವಾಗ ಯಾರೂ ಲೆಸ್‌ಗೆ ಒಂದು ಮಾತು ಅನ್ನಲಿಲ್ಲ. ಅವನು ಕಡಿದುಕೊಟ್ಟಾಗ ಕೈಕುಲುಕಿದವರೇ ಅವರೆಲ್ಲ. ಅಂದಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ. ಒಬ್ಬೊಬ್ಬರ ಮನೆ ಸಾಮಾನನ್ನೂ ಅವನೇ ತನ್ನ ಲಾರಿಗೆ ಹೇರಿಕೊಟ್ಟ.

ಐವಿ ಹೋದದ್ದು 1979ರ ಆಗಸ್ಟ್‌ನಲ್ಲಿ. ಎರಡು ವರ್ಷದಿಂದ ಹೃದಯದ ತೊಂದರೆಯಿತ್ತು. ಮಂಗಳವಾರ ಬೆಳಿಗ್ಗೆ ಒಗೆದ ಬಟ್ಟೆ ಹರವುತ್ತಿದ್ದವಳು ಹಾಗೆಯೇ ಕೂತಳು. ಲೆಸ್ ನೋಡುವಷ್ಟರಲ್ಲಿ ಮುಗಿದಿತ್ತು.

ಅವಳನ್ನು ಎಲ್ಲಿ ಮಣ್ಣು ಮಾಡಬೇಕೆಂದು ಯಾರೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಎಲ್ಲರಿಗೂ ಗೊತ್ತಿದ್ದದ್ದೇ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಅಂತ ನಿಶ್ಚಯವಾಯಿತು. ಬೆಳಿಗ್ಗೆ ಏಳಕ್ಕೆ ಲೆಸ್, ಆಲ್ಬಿ ಸಲಿಕೆ ಹಿಡಿದು ಹೋದರು. ಎಂಟೂವರೆಗೆ ಆಲ್ಬಿ ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಪ್ಯಾಂಟು ಮಂಡಿಯವರೆಗೆ ಒದ್ದೆ.

"ಕೆನ್ ಅಣ್ಣ ಎಲ್ಲಿ? ಪಂಪು ಬೇಕಿತ್ತು," ಅಂದ.

"ಯಾಕೆ?" ಅಂದೆ ನಾನು.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮೂರಡಿಗೇ ನೀರು ಬಂತು, ಟೀಚರಮ್ಮ."

ನನ್ನ ಗಂಡ ಕೆನ್ ಪಂಪು ತೆಗೆದುಕೊಂಡು ಹೋದ. ಹಿಂದೆಯೇ ನಾನೂ ಹೋದೆ. ಗುಂಡಿಯ ಬದಿಯ ಮಣ್ಣು ಬೂದಿಬಣ್ಣಕ್ಕೆ ತಿರುಗಿತ್ತು, ನಾದಿದ ಹಿಟ್ಟಿನ ಹಾಗೆ. ಒಳಗೆ ಗಾಜಿನಂಥ ತಿಳಿನೀರು, ಆಕಾಶ ಕಾಣುತ್ತಿತ್ತು. ಲೆಸ್ ಆ ನೀರಿನಲ್ಲಿ ನಿಂತು ಬಕೆಟ್ಟಿನಿಂದ ಮೊಗೆದು ಮೊಗೆದು ಎಸೆಯುತ್ತಿದ್ದ. ಬಕೆಟ್ಟು ಮೇಲೆ ಬರುವಷ್ಟರಲ್ಲಿ ಗುಂಡಿ ಮತ್ತೆ ಅಷ್ಟೇ ತುಂಬುತ್ತಿತ್ತು. ಪಕ್ಕದಲ್ಲೇ ಗ್ಲೆನಿಸ್‌ಳ ಪುಟ್ಟ ಕಲ್ಲು. ಅವನ ಕಣ್ಣು ಆ ಕಡೆ ಹೋಗುವುದನ್ನು ಒಂದು ಸಲ ನೋಡಿದೆ. ಆಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಪಂಪು ಹಚ್ಚಿದ ಮೇಲೆ ನೀರು ಇಳಿಯಿತು. ಹನ್ನೆರಡರ ಹೊತ್ತಿಗೆ ಆರಡಿ ಅಗೆದು ಮುಗಿಸಿ, ತಳಕ್ಕೆ ಹಲಗೆ ಹಾಕಿದರು. ಲೆಸ್ ಮನೆಗೆ ಹೋಗಿ ಸ್ನಾನ ಮಾಡಿ ಕರಿಯ ಕೋಟು ಹಾಕಿಕೊಂಡು ಬಂದ. ಎರಡು ಗಂಟೆಗೆ ಊರಿನಲ್ಲಿ ಉಳಿದಿದ್ದ ಎಲ್ಲರೂ ಸೇರಿದೆವು, ಐವತ್ತು ಜನ ಇರಬಹುದು. ಪಂಪು ಆಗಲೂ ಓಡುತ್ತಲೇ ಇತ್ತು. ಪಾದ್ರಿಯವರು ಬಾಯಿ ತೆರೆದರು, ಪಂಪಿನ ಸದ್ದಿಗೆ ಒಂದು ಮಾತೂ ಕೇಳಿಸಲಿಲ್ಲ. ಅವರು ಲೆಸ್‌ನ ಕಡೆ ನೋಡಿದರು. ಲೆಸ್ ತಲೆಯಾಡಿಸಿದ. ಆಲ್ಬಿ ಪಂಪು ನಿಲ್ಲಿಸಿದ.

ಪ್ರಾರ್ಥನೆ ಮುಗಿಯಲು ಹದಿನೈದು ನಿಮಿಷವೂ ಹಿಡಿಯಲಿಲ್ಲ. ಪಾದ್ರಿಯವರು ಬೇಗ ಬೇಗ ಓದಿದರು. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ನಿಶ್ಶಬ್ದದಲ್ಲಿ ಗುಂಡಿಯೊಳಗೆ ನೀರು ಒಸರುವ ಸದ್ದು, ತೊಟ್ಟಿಲ ಮಗು ಚೀಪುವ ಹಾಗೆ, ಕೇಳುತ್ತಲೇ ಇತ್ತು. ಆರು ಜನ ಹಗ್ಗ ಹಿಡಿದು ಪೆಟ್ಟಿಗೆ ಇಳಿಸಿದರು. ಅರ್ಧಕ್ಕೆ ಇಳಿದದ್ದೇ ಹಗ್ಗ ಸಡಿಲವಾಯಿತು. ಪೆಟ್ಟಿಗೆ ನೀರಿನ ಮೇಲೆ ನಿಂತಿತು. ಮೆಲ್ಲಗೆ ಒಂದು ಪಕ್ಕಕ್ಕೆ ತಿರುಗಿ, ಗುಂಡಿಯ ಗೋಡೆಗೆ ತಾಗಿ, ಇನ್ನೊಂದು ಪಕ್ಕಕ್ಕೆ ತಿರುಗಿತು.

ಹೆಣದ ಪೆಟ್ಟಿಗೆಯ ವ್ಯವಸ್ಥೆ ಮಾಡಲು ಬಂದಿದ್ದವನು ಲೆಸ್‌ನ ಕಿವಿಯ ಹತ್ತಿರ ಬಗ್ಗಿ, "ಮೇಲೆ ಮಣ್ಣು ಬಿದ್ರೆ ಕೂತ್ಕೊಳ್ಳತ್ತೆ, ಮಿಸ್ಟರ್ ಪೆನ್‌ಬರ್ತಿ. ಎರಡು ಕಲ್ಲು ಇಟ್ರೆ ಆಯ್ತು," ಅಂದ. ಪಾಪ, ಅವನೂ ಒಳ್ಳೆಯದಕ್ಕೇ ಹೇಳಿದ್ದು.

"ಕಲ್ಲು ಕಟ್ಟಿ ಮುಳುಗಿಸ್ತೀಯಾ ನನ್ನ ಹೆಂಡ್ತೀನ?" ಅಂದ ಲೆಸ್.

"ಹಾಗಲ್ಲ, ನಾನು ಹೇಳಿದ್ದು..."

"ಎತ್ರೋ. ಆಲ್ಬಿ, ಎತ್ತೋ. ಎತ್ತು ಮೇಲಕ್ಕೆ."

ಎತ್ತಿದರು. ಪೆಟ್ಟಿಗೆಯಿಂದ ನೀರು ಸುರಿಯುತ್ತಿತ್ತು. ಲೆಸ್ ತನ್ನ ಕೋಟು ಬಿಚ್ಚಿ ಪೆಟ್ಟಿಗೆಯ ಮೇಲಿಂದ ಕೆಳಗಿನವರೆಗೆ ಒರೆಸಿದ, ಮೂಲೆ ಮೂಲೆ ಬಿಡದೆ. ನಾವೆಲ್ಲ ನಿಂತು ನೋಡುತ್ತಿದ್ದೆವು. ಅಡ್ಡ ಬಂದು ಕೋಟು ತೆಗೆದುಕೊಳ್ಳಲು ಯಾರಿಗೂ ಕೈಬರಲಿಲ್ಲ.

ಆ ದಿನ ಪೆಟ್ಟಿಗೆಯನ್ನು ಚರ್ಚಿನಲ್ಲೇ ಇಟ್ಟರು. ಶನಿವಾರ ಬೆಳಿಗ್ಗೆ ಇಪ್ಪತ್ತಾರು ಮೈಲಿ ಆಚೆಯ ಟಾರ್ವಿಲ್ ಊರಿನ ಸ್ಮಶಾನದಲ್ಲಿ ಐವಿಯನ್ನು ಮಣ್ಣು ಮಾಡಿದೆವು. ಎತ್ತರದ ಜಾಗ, ಒಣ ಮಣ್ಣು, ಕಬ್ಬಿಣದ ಬೇಲಿ, ಚೆಂದವಾಗಿಯೇ ಇದೆ. ಐವಿಗೆ ಅಲ್ಲಿ ಒಬ್ಬರ ಗುರುತೂ ಇರಲಿಲ್ಲ. ಅವಳ ಬಲಕ್ಕೆ ಒಂದು ಖಾಲಿ ಜಾಗ ಬಿಟ್ಟು ಯಾರೋ ಬ್ಯಾಂಕ್ ಮ್ಯಾನೇಜರು, ಎಡಕ್ಕೆ ಹೋಟೆಲಿನವನ ತಾಯಿ. ವಾಪಸ್ಸು ಬರುವಾಗ ಲಾರಿಯಲ್ಲಿ ಲೆಸ್ ಒಂದೇ ಮಾತು ಆಡಿದ: "ಮಾತು ಕಮ್ಮಿ ಅವಳಿಗೆ. ಹೊಸಬರ ಹತ್ರ ಹೇಗೆ ಹೊಂದ್ಕೊಂತಾಳೋ."

ಆ ಮೇಲೆ ಅವನ ತಲೆಯಲ್ಲಿ ಒಂದೇ ಯೋಚನೆ. ಮಗಳನ್ನು ಅಲ್ಲಿಂದ ಎತ್ತಿ ಅಮ್ಮನ ಜೊತೆಗೆ ಸೇರಿಸಬೇಕು. ಹೂತದ್ದನ್ನು ಎತ್ತಲು ಅಪ್ಪಣೆ ಬೇಕು. ಅರ್ಜಿಗಳನ್ನು ನಾನೇ ಬರೆದುಕೊಟ್ಟೆ. ಅವನ ಅಕ್ಷರ ಅವನಿಗೇ ತಿಳಿಯುತ್ತಿರಲಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ರಾಜಧಾನಿ ಪರ್ತ್‌ಗೆ, ಪರ್ತ್‌ನಿಂದ ವಾಪಸ್ಸು. ಯಾರೂ ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಭಾನುವಾರಗಳಲ್ಲಿ ಅವನು ಟಾರ್ವಿಲ್‌ಗೆ ಹೋಗಿ ಬರುತ್ತಿದ್ದ. ಹೋಗುವಾಗಲೂ ಬರುವಾಗಲೂ ತಗ್ಗಿನ ಸ್ಮಶಾನದ ಹತ್ತಿರ ಲಾರಿ ನಿಲ್ಲಿಸುತ್ತಿದ್ದ, ಕೆಳಗೆ ಇಳಿಯುತ್ತಿರಲಿಲ್ಲ.

ಹನ್ನೊಂದು ತಿಂಗಳ ಮೇಲೆ ಅಪ್ಪಣೆ ಬಂತು. 1980ರ ಜುಲೈ, ಮಂಜು ಕವಿದ ಬೆಳಗು. ಆರೋಗ್ಯದ ಕಡೆಯ ಅಧಿಕಾರಿಯೊಬ್ಬರು, ಪಾದ್ರಿಯವರು, ಲೆಸ್, ಆಲ್ಬಿ, ನಾನು. ಲೆಸ್ ಒಂದು ಪುಟ್ಟ ಹೊಸ ಪೆಟ್ಟಿಗೆ ಮಾಡಿ ತಂದಿದ್ದ. ಒರತೆಯ ಹತ್ತಿರ ಸತ್ತು ಬಿದ್ದಿದ್ದ ಮರದ ಹಲಗೆಯಲ್ಲಿ ಮಾಡಿದ್ದು. ಒಳಗೆ ಐವಿಯ ಹೊದಿಕೆ ಮಡಿಸಿ ಹಾಸಿದ್ದ.

ಪಂಪು ಓಡಿತು. ಆಲ್ಬಿ ಅಗೆದ. ನಾಲ್ಕು ಗೇಣು ಇಳಿದ ಮೇಲೆ ಬರಿಯ ಕೆಸರು. ಸಲಿಕೆ ಬಿಟ್ಟು ಕೈಯಲ್ಲೇ ತೆಗೆಯತೊಡಗಿದ. ಪೆಟ್ಟಿಗೆಯ ಹಿಡಿಕೆಯ ಒಂದು ತುಂಡು ಸಿಕ್ಕಿತು, ಕೈಯಲ್ಲಿ ಹಿಡಿದರೆ ಪುಡಿಯಾಯಿತು. ಮರದ ಚೂರು ಅಂತ ಏನೋ ಕಪ್ಪಗೆ ಕಂಡದ್ದು ಬೆರಳು ತಾಗಿದಕೂಡಲೇ ನೀರಿನಲ್ಲಿ ಕರಗಿಹೋಯಿತು. ಆರಡಿಯ ತಳದವರೆಗೂ ಆಲ್ಬಿ ಕೈಯಾಡಿಸಿದ. ತೋಳಿನವರೆಗೆ ಮುಳುಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಹುಡುಕಿದ. ಬಹಳ ಹೊತ್ತಾಯಿತು. ಆಮೇಲೆ ಕಣ್ಣು ಬಿಟ್ಟು ಮೇಲೆ ನೋಡಿದ.

"ಏನಾದ್ರೂ?" ಅಂದ ಲೆಸ್.

ಆಲ್ಬಿ ಖಾಲಿ ಕೈ ಎತ್ತಿ ತೋರಿಸಿದ.

"ಈ ನೀರಿಗೆ ಏನೂ ಉಳಿಯಲ್ಲ, ಮಿಸ್ಟರ್ ಪೆನ್‌ಬರ್ತಿ," ಅಂದರು ಅಧಿಕಾರಿ ಮೆಲ್ಲಗೆ. "ಚಿಕ್ಕ ಮಗು, ಎಳೇ ಮೂಳೆ. ನೀವು ಬೇಕಾದ್ರೆ ಆ ಮಣ್ಣನ್ನೇ ಒಂದಿಷ್ಟು ತಗೊಂಡು ಹೋಗಬಹುದು. ಎಷ್ಟೋ ಜನ ಹಾಗೆ ಮಾಡ್ತಾರೆ."

ಲೆಸ್ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತ. ಆಲ್ಬಿ ಎರಡೂ ಕೈಯಲ್ಲಿ ಬೂದಿಬಣ್ಣದ ಕೆಸರನ್ನು ಎತ್ತಿ ಅವನ ಮುಂದೆ ಹಿಡಿದ. ಬೆರಳ ಸಂದಿನಿಂದ ನೀರು ಇಳಿದು ಹೋಗುತ್ತಿತ್ತು. ಲೆಸ್ ಅದನ್ನು ನೋಡಿದ. ಮುಟ್ಟಲು ಕೈ ಚಾಚಿ ಮತ್ತೆ ಹಿಂದಕ್ಕೆ ತೆಗೆದುಕೊಂಡ.

"ಬೇಡ," ಅಂದ. "ಅದು ಅವಳಲ್ಲ. ಅದು ಉಪ್ಪು. ಮುಚ್ಚಿಬಿಡು."

ಗುಂಡಿ ಮುಚ್ಚಿ, ಅಧಿಕಾರಿಯೂ ಪಾದ್ರಿಯವರೂ ಹೋದ ಮೇಲೆ ನಾವು ಮೂವರೂ ಲಾರಿಯ ಹಿಂಬದಿಯ ಹಲಗೆಯ ಮೇಲೆ ಕೂತೆವು. ನಾನು ಫ್ಲಾಸ್ಕಿನಿಂದ ಚಹಾ ಕೊಟ್ಟೆ. ಲೆಸ್ ಲೋಟವನ್ನು ಪಕ್ಕಕ್ಕಿಟ್ಟ.

"ಆಲ್ಬಿ, ನಿಮ್ಮಮ್ಮ ಹುಟ್ಟಿದ ಜಾಗ ಅಲ್ವೇನೋ ಇದು," ಅಂದ. "ನಾನು ಇದನ್ನೆಲ್ಲ ಉರುಳಿಸೋವಾಗ ಯಾಕೋ ಸುಮ್ನಿದ್ದೆ? ಒಂದು ಒದೆ ಕೊಡಬಾರದಿತ್ತಾ ನಂಗೆ?"

"ಒದ್ದಿದ್ರೆ ಏನಾಗ್ತಿತ್ತು? ನನ್ನ ಬಿಟ್ಟು ಇನ್ನೊಬ್ಬನ್ನ ಕೂರಿಸ್ತಿದ್ದೆ ಟ್ರ್ಯಾಕ್ಟರ್ ಮೇಲೆ," ಅಂದ ಆಲ್ಬಿ. "ಮೂರು ಮಕ್ಳಿದ್ವು ನಂಗೆ. ಮತ್ತೆ ಯಾರೂ ನಂಗೆ ಅಂಥ ಕೆಲ್ಸ ಕೊಡ್ತಿರ್ಲಿಲ್ಲ."

"ನಿಮ್ಮೋರಿಗೆ ಗೊತ್ತಿರ್ಬೇಕಲ್ಲ, ಉಪ್ಪಿನ ವಿಷ್ಯ."

"ಹೇಗೆ ಗೊತ್ತಿರತ್ತೆ? ನಮ್ಮಲ್ಲಿ ಯಾರೂ ಕಣಿವೆಗೆ ಕಣಿವೇನೇ ಬೋಳಿಸಿ ನೋಡಿರ್ಲಿಲ್ಲ, ಬಾಸ್." ಆಲ್ಬಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಮ್ಮಮ್ಮ ಒರತೆ ನೋಡೋಕೆ ಅಂತ ಕೊನೇಲಿ ಒಂದ್ಸಲ ಬಂದಿದ್ಲು. ನೀರು ಕುಡಿದು ಉಗುಳಿಬಿಟ್ಲು. ಮನೆಗೆ ಬರೋವರೆಗೂ ನನ್ನ ಹತ್ರ ಮಾತಾಡ್ಲಿಲ್ಲ. ಮನೆಗೆ ಬಂದ ಮೇಲೂ ಆಡ್ಲಿಲ್ಲ."

ಇಷ್ಟು ವರ್ಷದಲ್ಲಿ ಅವನು ಆ ಮಾತನ್ನು ನಮಗೆ ಹೇಳಿರಲಿಲ್ಲ. ಲೆಸ್ ಆಲ್ಬಿಯ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ತನ್ನ ಅಂಗಿಯ ತುದಿಯಿಂದ ಒರೆಸಿ, ನನ್ನ ಬುಟ್ಟಿಯಲ್ಲಿಟ್ಟ.

ಆ ಪುಟ್ಟ ಪೆಟ್ಟಿಗೆಯನ್ನು ಅವನು ಏನು ಮಾಡಿದ ಅಂತ ನಾನು ಕೇಳಲಿಲ್ಲ.

ಅವನು ಇನ್ನೂ ಹನ್ನೊಂದು ವರ್ಷ ಬದುಕಿದ. ಜಮೀನು ಬಿಡಲಿಲ್ಲ. ಬೇರೆ ಕಡೆ ಹೋಗಿ ಅಂತ ಎಷ್ಟೋ ಜನ ಹೇಳಿದರು, ಕರಾವಳಿಯಲ್ಲಿ ಅವನ ತಂಗಿಯ ಮನೆಯಿತ್ತು. "ಯಾರಾದ್ರೂ ಒಬ್ರು ನೋಡ್ತಾ ಇರ್ಬೇಕಲ್ಲ," ಅನ್ನುತ್ತಿದ್ದ. ಉಪ್ಪಿನಲ್ಲೂ ಬದುಕುವ ಒಂದು ಜಾತಿಯ ಕುರುಚಲು ಗಿಡ ತಂದು ಅಂಚಿನಲ್ಲಿ ನೆಟ್ಟ. ಅದೊಂದು ಮಾತ್ರ ಉಳಿಯಿತು. ಕುರಿಗಳು ಹೊಟ್ಟೆಗಿಲ್ಲದಾಗ ಅದನ್ನು ತಿನ್ನುತ್ತವೆ. ನನ್ನ ಶಾಲೆ 1984ರಲ್ಲಿ ಮುಚ್ಚಿತು. ಕೊನೆಗೆ ಆರು ಮಕ್ಕಳಿದ್ದರು. ರೈಲು ನಿಂತಿತು. ಹಳಿ ಕಿತ್ತುಕೊಂಡು ಹೋದರು.

ಕೊನೆಯ ಆರು ವಾರ ಅವನು ಆಸ್ಪತ್ರೆಯಲ್ಲಿದ್ದ. ಆಲ್ಬಿ ಲಾರಿ ಓಡಿಸಿಕೊಂಡು ನನ್ನನ್ನು ಕರೆದೊಯ್ಯುತ್ತಿದ್ದ. ಆಲ್ಬಿಯನ್ನು ಕಂಡರೆ ಮಾತ್ರ ಲೆಸ್‌ಗೆ ನಗು ಬರುತ್ತಿತ್ತು.

"ನರ್ಸಮ್ಮ, ಇವ್ನಿಗೆ ಊಟಕ್ಕೆ ಉಪ್ಪು ಹಾಕ್ಬೇಡಿ," ಅನ್ನುತ್ತಿದ್ದ ಆಲ್ಬಿ. "ಊರಲ್ಲಿ ಸಾಕಷ್ಟು ತಿಂದಿದಾನೆ."

ಕೊನೆಯ ಸಲ ಹೋದಾಗ ಆಲ್ಬಿ ಹೊರಗೆ ಸಿಗರೇಟು ಸೇದಲು ಹೋಗಿದ್ದ. ಲೆಸ್ ಕಣ್ಣು ಬಿಟ್ಟು ನನ್ನನ್ನು ನೋಡಿದ.

"ಟೀಚರಮ್ಮ, ಎಲ್ಲಿವರೆಗೆ ಬಂದಿದೆ?"

ನನಗೆ ಅರ್ಥವಾಯಿತು. ಆ ಚಳಿಗಾಲದಲ್ಲಿ ಉಪ್ಪಿನ ಬಿಳಿ ಪಟ್ಟೆ ಅಂಗಡಿಯ ಹಿತ್ತಿಲು ದಾಟಿ, ರಸ್ತೆಯ ಈಚೆಗೆ ಬಂದಿತ್ತು. ಅವನ ಮನೆಯ ಮೆಟ್ಟಿಲಿನಿಂದ ನೂರು ಗಜವೂ ಇರಲಿಲ್ಲ.

"ಹೋದ ವರ್ಷ ಎಲ್ಲಿತ್ತೋ ಅಲ್ಲೇ ಇದೆ, ಲೆಸ್," ಅಂದೆ. "ನಿಂತ ಹಾಗಿದೆ."

ಅವನು ನನ್ನ ಮುಖವನ್ನೇ ನೋಡಿದ. ನಲವತ್ತು ವರ್ಷದ ಪರಿಚಯ. ನನ್ನ ಸುಳ್ಳು ಅವನಿಗೆ ತಿಳಿಯದ್ದೇನಲ್ಲ.

"ಮಕ್ಕಳಿಗೂ ಹೀಗೇ ಮಾರ್ಕ್ಸ್ ಕೊಡ್ತಿದ್ರಾ?" ಅಂದ. ಆಮೇಲೆ ನನ್ನ ಕೈ ತಟ್ಟಿ, ಗೋಡೆಯ ಕಡೆ ತಿರುಗಿ ಮಲಗಿದ.

ಟಾರ್ವಿಲ್‌ನಲ್ಲಿ ಐವಿಯ ಪಕ್ಕದ ಆ ಖಾಲಿ ಜಾಗ ಸಿಗಲಿಲ್ಲ, ಅದನ್ನು ಬ್ಯಾಂಕ್ ಮ್ಯಾನೇಜರನ ಹೆಂಡತಿಗಾಗಿ ಇರಿಸಿದ್ದರು. ಲೆಸ್‌ಗೆ ಎರಡು ಸಾಲು ಹಿಂದೆ ಸಿಕ್ಕಿತು. ಗುಂಡಿ ಒಣಗಿತ್ತು. ಇಳಿಸುವ ಮೊದಲು ಆಲ್ಬಿ ಅಂಚಿಗೆ ಬಂದು ಬಗ್ಗಿ ಒಳಗೆ ನೋಡಿದ, ಮಂಡಿಯೂರಿ ಕೈ ಚಾಚಿ ಬದಿಯ ಮಣ್ಣನ್ನು ಮುಟ್ಟಿ ನೋಡಿದ. ಆಮೇಲೆ ಎದ್ದು, ಹಗ್ಗ ಹಿಡಿದಿದ್ದವರಿಗೆ ತಲೆಯಾಡಿಸಿದ.